8,400 ರೂಪಾಯಿ ಪ್ರೊಜೆಕ್ಟರ್, ಕಾರವಾರದ ಮಳೆ, ರೋರಿ ಕೆನಡಿ ಡಾಕ್ಯುಮೆಂಟರಿ: 5ಕ್ಕೆ 3 ಸ್ಟಾರ್

ತಗೊಂಡು ಎರಡು ತಿಂಗಳಾಯ್ತು, ಜೂನ್ ಜುಲೈ ಎರಡೂ ನಮ್ ಕಾರವಾರದ ಮಳೇಲಿ ಓಡಿಸಿದೀನಿ, ಇನ್ನು ಬರೀಬಹುದು ಅನ್ಸ್ತು. ಕಂಪನಿ ಹೆಸರು ಬೇಡ, ಈ ರೇಟಿಗೆ ಸಿಗೋವೆಲ್ಲ ಹೆಚ್ಚುಕಮ್ಮಿ ಒಂದೇ ಡಬ್ಬಿ, ಸ್ಟಿಕ್ಕರ್ ಅಷ್ಟೇ ಬೇರೆ. ಬಾಕ್ಸ್ ಮೇಲೆ 4ಕೆ ಅಂತ ದೊಡ್ಡದಾಗಿ ಹಾಕಿದಾರೆ, ನಂಬ್ಬೇಡಿ, 4ಕೆ ಫೈಲ್ ಕೊಟ್ರೆ ತಗೊಳತ್ತೆ ಅಂತಷ್ಟೇ ಅದು, ಗೋಡೆ ಮೇಲೆ ಬೀಳೋದು 720ಪಿ, ಅಂದ್ರೆ 4ಕೆಗಿಂತ ತುಂಬಾ ಕಮ್ಮಿ ಸ್ಪಷ್ಟ. ಹಗಲಲ್ಲಿ ಏನೂ ಕಾಣಲ್ಲ. ರಾತ್ರಿ ಲೈಟ್ ಆರಿಸಿದ್ರೆ ಚಂದ.

ನಾನು ಟೆಸ್ಟ್ ಮಾಡಿದ್ದು ಡಾಕ್ಯುಮೆಂಟರಿ ಹಾಕಿ. ಅಮೆರಿಕದಲ್ಲಿರೋ ಮಾವನ ಮಗ ರೋರಿ ಕೆನಡಿ ಅನ್ನೋ ನಿರ್ದೇಶಕಿಯ ಮೂರು ಡಿವಿಡಿ ತಂದುಕೊಟ್ಟಿದ್ದ. (ಅಲ್ಲಿಯ ಡಿಸ್ಕ್ ಹಾಕಿದ್ರೆ ಲ್ಯಾಪ್‌ಟಾಪ್ ರೀಜನ್, ಅಂದ್ರೆ ಯಾವ ಕಡೆಯ ಡಿಸ್ಕ್ ಓಡ್ಬೇಕು ಅನ್ನೋ ಸೆಟ್ಟಿಂಗ್, ಬದಲಾಯಿಸ್ಲಾ ಅಂತ ಕೇಳತ್ತೆ, ಐದೇ ಸಲ ಬಿಡೋದು, ನೋಡ್ಕೊಂಡು ಒತ್ತಿ.) ಈ ರೋರಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ತಮ್ಮ ರಾಬರ್ಟ್ ಕೆನಡಿ ಮಗಳು, 11ನೇ ಮಗು, ಕೊನೇದು. ಅಪ್ಪ ಗುಂಡೇಟಿಗೆ ತೀರ್ಕೊಂಡಿದ್ದು 1968ರ ಜೂನಲ್ಲಿ, ಇವ್ರು ಹುಟ್ಟಿದ್ದು ಅದೇ ವರ್ಷ ಡಿಸೆಂಬರಲ್ಲಿ.

ಮೊದ್ಲು ಹಾಕಿದ್ದು 'ಎಥೆಲ್', 2012ರದ್ದು, ತಮ್ಮ ತಾಯಿ ಬಗ್ಗೆ ಮಾಡಿದ್ದು. ಹಳೇ ಫ್ಯಾಮಿಲಿ ರೀಲುಗಳು ತುಂಬಾ ಇವೆ, ಅವಕ್ಕೆ 720 ಸಾಕೋ ಸಾಕು. ಮನೇಲಿ ಆಯಿಗೆ ಇಂಗ್ಲಿಷ್ ಬರಲ್ಲ, ನಾನೇ ಪಕ್ಕದಲ್ಲಿ ಕೂತು ಹೇಳ್ತಾ ಹೋದೆ, 11 ಮಕ್ಕಳು ಅಂದಾಗ "ಅವಳ ಸೊಂಟ ಗಟ್ಟಿ" ಅಂದ್ಲು, ಗಂಡ ಹೋದಾಗ ಇವಳಿನ್ನೂ ಹೊಟ್ಟೇಲಿದ್ಲು ಅಂದ್ಮೇಲೆ ಮಾತೇ ಆಡ್ಲಿಲ್ಲ. 1999ರಲ್ಲಿ ರೋರಿ ಮದ್ವೆಗೆ ಅಂತಾನೇ ವಿಮಾನ ಓಡಿಸ್ಕೊಂಡು ಹೊರಟ ದೊಡ್ಡಪ್ಪನ ಮಗ ಜಾನ್ ಸಮುದ್ರಕ್ಕೆ ಬಿದ್ದು ಹೋಗಿದ್ದು, ಮದ್ವೆ ಮುಂದಕ್ಕೆ ಹೋಗಿದ್ದು ಎಲ್ಲ ನಾನು ಆಮೇಲೆ ಹೇಳ್ದೆ. ಸಿನಿಮಾ ಚೆನ್ನಾಗಿದೆ ಆದ್ರೆ ಮೆತ್ತಗಿದೆ. ಮಗಳು ಕೇಳೋ ಪ್ರಶ್ನೆಗಳನ್ನೇ ಕೇಳ್ತಾರೆ, ಅಮ್ಮ ಜಾರಿಕೊಂಡ್ರೆ ಬಿಟ್ಟುಬಿಡ್ತಾರೆ. ನಾವಾದ್ರೂ ಅಷ್ಟೇ ತಾನೇ.

ಎರಡನೇದು 'ಇಂಡಿಯನ್ ಪಾಯಿಂಟ್', 2004. ನ್ಯೂಯಾರ್ಕ್ ಹತ್ರ ಹಡ್ಸನ್ ನದಿ ದಂಡೆ ಮೇಲಿದ್ದ ಅಣುಸ್ಥಾವರದ ಮೇಲೆ, 2001ರ ದಾಳಿ ಆದ್ಮೇಲೆ ಅಲ್ಲಿಗೇ ವಿಮಾನ ನುಗ್ಗಿಸಿದ್ರೆ ಏನ್ ಗತಿ, ಜನ ಎಲ್ಲಿಗೆ ಓಡ್ಬೇಕು ಅಂತ. ಇದನ್ನ ನಮ್ಮನೇಲಿ ಹಾಕಿದ್ದೇ ತಪ್ಪಾಯ್ತು ಮಾರಾಯ್ರೇ. ಅಪ್ಪ ಕೈಗಾ ಅಣುಸ್ಥಾವರದಲ್ಲಿ ಕೆಲ್ಸ ಮಾಡಿ ರಿಟೈರ್ ಆದವ್ರು, ನಾನು ಬೆಳೆದಿದ್ದೇ ಮಲ್ಲಾಪುರ ಟೌನ್‌ಶಿಪ್ಪಲ್ಲಿ. ಐದು ನಿಮಿಷಕ್ಕೆ ಒಂದ್ಸಲ ಸಿನಿಮಾ ನಿಲ್ಲಿಸು ಅಂದ್ರು. 220 ಮೆಗಾವ್ಯಾಟಿನ ನಾಲ್ಕು ಯೂನಿಟ್, ಒಂದನೇ ಯೂನಿಟ್ 2018ರಲ್ಲಿ ನಿಲ್ಲದೇ 962 ದಿನ ಓಡಿ ಆಗಿನ ವಿಶ್ವದಾಖಲೆ, ಅದ್ಯಾಕೆ ಯಾರೂ ಸಿನಿಮಾ ಮಾಡಲ್ಲ ಅಂತ. ಆಯಿ ಒಳಗಿಂದ "ನನ್ ಅಪ್ಪ 89ರಲ್ಲಿ ಕಾರಂತರಿಗೇ ವೋಟು ಹಾಕಿದ್ದು" ಅಂದ್ಲು. ಶಿವರಾಮ ಕಾರಂತರು ಕೈಗಾ ಬೇಡ ಅಂತ ನಮ್ ಜಿಲ್ಲೇಲಿ ಲೋಕಸಭೆಗೆ ನಿಂತಿದ್ರಲ್ಲ, ಆ ಎಲೆಕ್ಷನ್. ಅಲ್ಲಿಗೆ ಅವತ್ತಿನ ಶೋ ಮುಗೀತು.

ಮರುದಿನ ಒಬ್ನೇ ಪೂರ್ತಿ ನೋಡ್ದೆ. ಅಪ್ಪ ಹೇಳಿದ್ರಲ್ಲಿ ಒಂದು ನಿಜ, ಆ ಸ್ಥಾವರ ಮುಚ್ಚಿಸೋಕೆ ಹೋರಾಡ್ತಿದ್ದ ಸ್ವಂತ ಅಣ್ಣನನ್ನೇ, ಅದೇ ರಾಬರ್ಟ್ ಕೆನಡಿ ಜೂನಿಯರ್, ಕರ್ಕೊಂಡು ಬಂದು ಮಾತಾಡಿಸಿದ್ರೆ ಹೊರಗಿನವ್ರಿಗೆ ಅನುಮಾನ ಬಂದೇ ಬರತ್ತೆ. ಜನರನ್ನ ಸಾಗಿಸೋ ಪ್ಲಾನ್ ಬಗ್ಗೆ ಕೇಳಿರೋದು ಮಾತ್ರ ಸರಿಯಾಗೇ ಕೇಳಿದಾರೆ, ಕೈಗಾ ಹತ್ರದ ಕದ್ರಾ ಕಡೆ ರೋಡು ಮಳೆಗಾಲದಲ್ಲಿ ನೋಡಿದವ್ರಿಗೆ ನಾನೇನೂ ಬಿಡಿಸಿ ಹೇಳ್ಬೇಕಾಗಿಲ್ಲ. ಇಂಡಿಯನ್ ಪಾಯಿಂಟ್ 2021ರಲ್ಲಿ ಮುಚ್ಚೇ ಹೋಯ್ತು.

ಪ್ರೊಜೆಕ್ಟರ್ ದುಡ್ಡು ವಸೂಲಾಗಿದ್ದು ಮೂರನೇದಕ್ಕೆ, 'ಲಾಸ್ಟ್ ಡೇಸ್ ಇನ್ ವಿಯೆಟ್ನಾಂ', 2014, ಆಸ್ಕರ್‌ಗೆ ನಾಮಿನೇಟ್ ಆಗಿದ್ದು. 1975ರ ಏಪ್ರಿಲ್, ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಬೀಳ್ತಾ ಇದೆ, ಹೆಲಿಕಾಪ್ಟರುಗಳು ತುಂಬಿಕೊಂಡು ಬರ್ತಿವೆ, ಕಿರ್ಕ್ ಅಂತ ಅಮೆರಿಕದ ಸಣ್ಣ ಯುದ್ಧನೌಕೆ, ಇಳಿಯೋಕೆ ಜಾಗ ಇಲ್ಲ, ಜನ ಇಳಿದ ತಕ್ಷಣ ಹುಡುಗ್ರು ಕೈಯಲ್ಲೇ ಹೆಲಿಕಾಪ್ಟರ್ ತಳ್ಳಿ ಸಮುದ್ರಕ್ಕೆ ಹಾಕ್ತಾರೆ. ಒಂದು ದೊಡ್ಡ ಚಿನೂಕ್ ಹೆಲಿಕಾಪ್ಟರ್ ಅಂತೂ ಇಳಿಯೋಕೇ ಆಗದೆ ಮೇಲೇ ನಿಂತು, ಅದ್ರೊಳಗಿಂದ ಕೂಸನ್ನ ಕೆಳಗೆ ಬಿಟ್ಟು ಹಿಡ್ಕೊಳ್ಳೋದು! ಬೀಚಲ್ಲಿ ನಿಲ್ಲಿಸಿರೋ ಹಳೇ ಯುದ್ಧನೌಕೆ ಐಎನ್‌ಎಸ್ ಚಪಲ್ ಮೇಲೆ ಓಡಾಡ್ಕೊಂಡು ದೊಡ್ಡವನಾದೋನು ನಾನು, ನೇವಿ ಅಂದ್ರೆ ಇಲ್ಲಿ ದಿನಾ ನೋಡೋದೇ, ಆದ್ರೂ ಆರಡಿ ಗೋಡೆ ಮೇಲೆ ಇದನ್ನ ನೋಡೋವಾಗ ಅಪ್ಪ ಒಂದ್ಸಲಾನೂ ನಿಲ್ಲಿಸು ಅನ್ಲಿಲ್ಲ. ಇದ್ರಲ್ಲಿ ಅಮ್ಮನೂ ಇಲ್ಲ ಅಣ್ಣನೂ ಇಲ್ಲ, ಬರೀ ಅಲ್ಲಿದ್ದವ್ರ ಮಾತು. ನನ್ ಪ್ರಕಾರ ಮನೆಯವ್ರು ಫ್ರೇಮಲ್ಲಿ ಇಲ್ದೇ ಇದ್ರೇನೇ ಇವ್ರ ಕೆಲ್ಸ ಜೋರಾಗಿರತ್ತೆ. ಬೋಯಿಂಗ್ 737 ಮ್ಯಾಕ್ಸ್ ಎರಡು ಬಿದ್ದು 346 ಜನ ಸತ್ತಿದ್ರ ಬಗ್ಗೆ ಮಾಡಿದ 2022ರ 'ಡೌನ್‌ಫಾಲ್' ನೆಟ್‌ಫ್ಲಿಕ್ಸಲ್ಲಿದೆ, ಅದೂ ಹಾಗೇ, ಒಂದ್ ಕಂಪನಿನ ಬಿಡದೆ ಕೆದಕೋದು.

ಇನ್ನು ದೂರುಗಳು. ಸ್ಪೀಕರ್ ದಂಡ, ಹಂಚಿನ ಮೇಲೆ ಮಳೆ ಶುರುವಾದ್ರೆ ಏನೂ ಕೇಳಲ್ಲ, ಬೇರೆ ಸ್ಪೀಕರ್ ಬೇಕೇ ಬೇಕು. ಅದರಲ್ಲಿರೋ ಒಟಿಟಿ ಆ್ಯಪ್‌ಗಳು ನೆಟ್ಟಗೆ ಓಡಲ್ಲ, ಬೇರೆ ಟಿವಿ ಸ್ಟಿಕ್ ಹಾಕ್ಕೊಳಿ. ಫ್ಯಾನ್ ಸೌಂಡು ಇದೆ. ಲೆನ್ಸ್ ಒಳಗೆ ಬೂಷ್ಟು ಬರೋ ಹಾಗಿದೆ ಅಂತ ನಾನು ಅಕ್ಕಿ ಡಬ್ಬದ ಪಕ್ಕ ತೇವ ಹೀರೋ ಸಿಲಿಕಾ ಪುಡಿಕೆ ಹಾಕಿ ಮುಚ್ಚಿಡ್ತಿದೀನಿ. ಕರೆಂಟ್ ಹೋದ್ರೆ ನಮ್ ಸಣ್ಣ ಇನ್ವರ್ಟರಲ್ಲಿ ಒಂದೂವರೆ ತಾಸು ಬರತ್ತೆ, ಒಂದು ಡಾಕ್ಯುಮೆಂಟರಿಗೆ ಆಗತ್ತೆ, ಆಯಿ ಮೊನ್ನೆ ಕರೆಂಟ್ ಹೋದಾಗ 'ಎಥೆಲ್' ಇನ್ನೊಂದ್ಸಲ ಹಾಕಿಸಿಕೊಂಡ್ಲು.