ಸಿಬಿಡಿ ಎಣ್ಣೆ, 30 ಎಂಎಲ್: ಮಗು ಬೇಕೆನ್ನುವ ಮನೆಗೆ ಬೇಡದ ಬಾಟಲಿ

ರಾತ್ರಿ ನಿದ್ದೆ ಬರುವುದಿಲ್ಲ, ಮುಟ್ಟಿನ ಹೊಟ್ಟೆನೋವು ತಡೆಯಲಾಗುವುದಿಲ್ಲ, ಐವಿಎಫ್ ಶುರುವಾದಾಗಿನಿಂದ ಎದೆ ಡವಡವ ನಿಂತಿಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಸಿಬಿಡಿ ಎಣ್ಣೆ, ಅಂದರೆ ಗಾಂಜಾ ಗಿಡದಲ್ಲಿರುವ ಅಮಲೇರಿಸದ ವಸ್ತುವೊಂದರ ಎಣ್ಣೆ, ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ಇಂಥ ಕಾರಣಗಳಿಗೆ. ಇಲ್ಲಿ ನೋಡಿರುವುದು ಯಾವುದೋ ಒಂದು ಬ್ರ್ಯಾಂಡನ್ನಲ್ಲ. ಆಯುಷ್ ಪರವಾನಗಿಯಡಿ ಆನ್‌ಲೈನಿನಲ್ಲಿ ಸಿಗುವ, ಡ್ರಾಪರ್ ಮುಚ್ಚಳದ 30 ಎಂಎಲ್ ಬಾಟಲಿ ಎಂಬ ಸರಕನ್ನೇ. ಅಂಕ ಮೊದಲೇ ಹೇಳಿಬಿಡಬಹುದು. ಗರ್ಭ ನಿಲ್ಲಲಿ ಎಂದು ಕಾಯುತ್ತಿರುವವರ ಮಟ್ಟಿಗೆ ಐದಕ್ಕೆ ಒಂದು. ಆ ಒಂದೂ ಗಾಜು ಕಂದು ಬಣ್ಣದ್ದು, ಬೆಳಕಿಗೆ ಎಣ್ಣೆ ಕೆಡುವುದಿಲ್ಲ ಎಂಬುದಕ್ಕೆ.

ಚೀಟಿಯಿಂದ ಶುರು ಮಾಡೋಣ. ಭಾರತದ ಬಾಟಲಿಗಳ ಮೇಲೆ ದೊಡ್ಡಕ್ಷರದಲ್ಲಿ ಇರುವುದು ‘ವಿಜಯ’. ವಿಜಯ ಅಂದರೆ ಭಂಗಿ ಸೊಪ್ಪು, ಗಾಂಜಾ ಗಿಡದ ಎಲೆ. 1985ರ ಮಾದಕ ವಸ್ತು ಕಾಯ್ದೆ ಹಿಡಿಯುವುದು ಚರಸ್ಸನ್ನು ಮತ್ತು ಗಾಂಜಾ ಎನ್ನುವ ಹೂವಿನ ತುದಿಯನ್ನು. ಬರೀ ಎಲೆ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ಎಲೆಯ ಸಾರ ಆಯುರ್ವೇದ ಔಷಧವಾಗಿ ಬಾಟಲಿಗೆ ಇಳಿದದ್ದು ಆ ಸಂದಿಯಿಂದ. ಆದರೆ ಔಷಧ ನಿಯಮಗಳ ‘ಇ-1’ ಪಟ್ಟಿಯಲ್ಲಿ, ಅಂದರೆ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿ, ಭಂಗಿಯೂ ಇದೆ. ಹಾಗಾಗಿ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಚೀಟಿಯ ಮೇಲೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಲೇಬೇಕು. ಆ ಸಾಲಿಲ್ಲದ ಬಾಟಲಿಯನ್ನು ಮುಂದೆ ಓದುವ ಕೆಲಸವೇ ಇಲ್ಲ.

ಇನ್ನೊಂದು ಕಣ್ಕಟ್ಟು: ‘ವಿಜಯ ಸಾರ 1500 ಮಿ.ಗ್ರಾಂ’ ಎಂದರೆ ಸಿಬಿಡಿ 1500 ಮಿ.ಗ್ರಾಂ ಎಂದಲ್ಲ. ಸಾರದಲ್ಲಿ ಮೇಣ, ಗಾಂಜಾದ ಅಮಲೇರಿಸುವ ವಸ್ತುವಾದ ಟಿಎಚ್‌ಸಿ ಎಲ್ಲ ಸೇರಿರುತ್ತವೆ. ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿರದಿದ್ದರೆ ಆ 1500 ಬರೀ ಅಲಂಕಾರ.

ನಿಜವಾಗಿಯೂ 1500 ಮಿ.ಗ್ರಾಂ ಸಿಬಿಡಿಯೇ ಇದೆ ಅಂದುಕೊಳ್ಳಿ. 30 ಎಂಎಲ್‌ಗೆ 1500, ಅಂದರೆ ಒಂದು ಎಂಎಲ್‌ಗೆ 50 ಮಿ.ಗ್ರಾಂ. ಡ್ರಾಪರಿನಲ್ಲಿ ಎಂಎಲ್‌ಗೆ 20ರಿಂದ 25 ಹನಿ ಬರುತ್ತವೆ ಎಂದು ಹಿಡಿದರೆ ಹನಿಗೆ 2ರಿಂದ 2.5 ಮಿ.ಗ್ರಾಂ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 70 ಮಿ.ಗ್ರಾಂ ಮಿತಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 10ಕ್ಕೆ ಇಳಿಸಿತು. ಅಂದರೆ ಐದೇ ಹನಿ. ದಿನಕ್ಕೆ ಎರಡು ಸಲ ಅರ್ಧ ಎಂಎಲ್ ನುಂಗುವವರ ಹೊಟ್ಟೆ ಸೇರುವುದು ಅದರ ಐದು ಪಟ್ಟು. ಆ 10 ಕೂಡ ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಹೇಳಿದ್ದಲ್ಲ. ಅವರು, ಬಸುರಿಯರು, ಹಾಲೂಡಿಸುವವರು ಸಿಬಿಡಿ ಮುಟ್ಟದಿರುವುದೇ ಒಳ್ಳೆಯದು ಎನ್ನುವುದು ಅದೇ ಸಂಸ್ಥೆಯ ಸಲಹೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಹ ಗರ್ಭಾವಸ್ಥೆಯಲ್ಲಿ ಯಾವ ರೂಪದ ಸಿಬಿಡಿಯೂ ಬೇಡ ಎನ್ನುತ್ತದೆ. ‘ಪಾಸಿಟಿವ್ ಬಂದ ದಿನ ನಿಲ್ಲಿಸಿದರಾಯಿತು’ ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಕಾರ್ಡಿನಲ್ಲಿ ಎರಡನೇ ಗೆರೆ ಮೂಡುವ ಹೊತ್ತಿಗೆ ಭ್ರೂಣ ಗರ್ಭಕೋಶಕ್ಕೆ ಅಂಟಿ ಆಗಲೇ ಕೆಲವು ದಿನ ಕಳೆದಿರುತ್ತವೆ.

ಆ ಅಂಟುವ ಹೊತ್ತಿನ ವಿಷಯವೇ ನಾಜೂಕಿನದು. ಆನಂದಮೈಡ್ ಎಂಬ ವಸ್ತುವನ್ನು ನಮ್ಮ ಮೈಯೇ ತಯಾರಿಸುತ್ತದೆ. ಸಂಸ್ಕೃತದ ‘ಆನಂದ’ದಿಂದಲೇ ಬಂದ ಹೆಸರು. ಇಲಿಗಳಲ್ಲಿ ಕಂಡಂತೆ ಭ್ರೂಣ ಅಂಟುವ ಜಾಗದಲ್ಲಿ ಇದರ ಮಟ್ಟ ತಗ್ಗಬೇಕು, ಹೆಚ್ಚಿದ್ದರೆ ಭ್ರೂಣ ನಿಲ್ಲುವುದಿಲ್ಲ. ಆನಂದಮೈಡನ್ನು ಒಡೆಯುವ ಕೆಲಸವನ್ನು ಸಿಬಿಡಿ ನಿಧಾನಿಸುತ್ತದೆ ಎಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಹೆಂಗಸರಲ್ಲಿ ಐದು ಹನಿಯಿಂದ ಹೀಗೇ ಆಗುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ತಿಂಗಳಿಗೊಂದೇ ಅವಕಾಶ ಇರುವಾಗ ಆ ಕೀಲಿಯನ್ನೇ ಅಲುಗಾಡಿಸಿ ನೋಡುವುದು ಯಾಕೆ?

ಗಂಡಸರೂ ಇದರಿಂದ ಹೊರಗಿಲ್ಲ. ಸಿಬಿಡಿ ಕೊಟ್ಟ ಗಂಡು ಪ್ರಾಣಿಗಳಲ್ಲಿ ವೃಷಣ ಚಿಕ್ಕದಾದದ್ದು, ವೀರ್ಯಾಣು ಬೆಳವಣಿಗೆ ಕುಂಠಿತವಾದದ್ದು, ಟೆಸ್ಟೋಸ್ಟಿರೋನ್ ಇಳಿದದ್ದು ವರದಿಯಾಗಿವೆ. ಪ್ರಮಾಣ ದೊಡ್ಡದಿತ್ತು ಎಂಬ ಸಮಾಧಾನ ಮಾಡಿಕೊಳ್ಳಬಹುದು. ಟಿಎಚ್‌ಸಿ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಡೆನ್ಮಾರ್ಕಿನ 1,215 ಯುವಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಗಾಂಜಾ ಸೇದುವವರ ವೀರ್ಯಾಣು ಸಾಂದ್ರತೆ 28 ಶೇಕಡ ಕಡಿಮೆ ಇತ್ತು.

‘ನಮ್ಮದು ಸಿಬಿಡಿ, ಗಾಂಜಾ ಅಲ್ಲ’ ಎನ್ನುವ ಮೊದಲು ಲ್ಯಾಬ್ ವರದಿ ತರಿಸಿ. ಬಾಟಲಿಯ ಬ್ಯಾಚ್ ಸಂಖ್ಯೆಯೂ ವರದಿಯದೂ ಒಂದೇ ಇರಬೇಕು. ವೆಬ್‌ಸೈಟಿನಲ್ಲಿ ಹಾಕಿಟ್ಟ ಹಳೆಯ ‘ಮಾದರಿ ವರದಿ’ ಉಪಯೋಗಕ್ಕೆ ಬಾರದು. ಟಿಎಚ್‌ಸಿ ಸಾಲಿನಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಎಷ್ಟಕ್ಕಿಂತ ಕೆಳಗಿದ್ದುದು ಯಂತ್ರಕ್ಕೆ ಕಾಣುವುದಿಲ್ಲ ಎಂಬ ಅಂಕಿಯನ್ನೂ ನೋಡಿ. ಬಿಸಿಯಾದಾಗ ಟಿಎಚ್‌ಸಿ ಆಗಿ ಬದಲಾಗುವ ಟಿಎಚ್‌ಸಿಎ ಬೇರೆ ಕೊಟ್ಟಿದ್ದರೆ ಅದನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸಬೇಕು. ಸೀಸ, ಕ್ಯಾಡ್ಮಿಯಂ ಸಾಲುಗಳೂ ಇರಲಿ, ಈ ಗಿಡ ಮಣ್ಣಿನ ಲೋಹವನ್ನು ಚೆನ್ನಾಗಿ ಹೀರುತ್ತದೆ. ‘ಫುಲ್ ಸ್ಪೆಕ್ಟ್ರಮ್’ ಎಣ್ಣೆಯಲ್ಲಿ, ಅಂದರೆ ಗಿಡದ ಎಲ್ಲ ಅಂಶಗಳನ್ನೂ ಉಳಿಸಿಕೊಂಡ ಎಣ್ಣೆಯಲ್ಲಿ, 0.3 ಶೇಕಡ ಟಿಎಚ್‌ಸಿ ಎಂಬುದು ಕೇಳಲು ಏನೂ ಅಲ್ಲ. ಆದರೆ 30 ಎಂಎಲ್ ಎಣ್ಣೆ ಸುಮಾರು 28 ಗ್ರಾಂ ತೂಗುತ್ತದೆ, ಅದರಲ್ಲಿ 84 ಮಿ.ಗ್ರಾಂ, ಎಂಎಲ್‌ಗೆ 2.8. ದಿನಕ್ಕೆ ಎರಡು ಎಂಎಲ್ ಹೋದರೆ 5 ಮಿ.ಗ್ರಾಂ ದಾಟಿತು, ಅಮೆರಿಕದ ಸಂಶೋಧಕರು ಟಿಎಚ್‌ಸಿಯ ಒಂದು ಪ್ರಮಾಣಿತ ಅಳತೆ ಎಂದು ಎಣಿಸುವುದು ಅಷ್ಟನ್ನೇ. ಅಲ್ಲಿ ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಚೀಟಿಯ ಅಂಕಿಗೆ ತಾಳೆಯಾದವು 26 ಮಾತ್ರ; 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಅಂಗಡಿಯ ಹೆಂಪ್ ಬೀಜದ ಎಣ್ಣೆಯೂ (ಇದೇ ಗಿಡದ ಬೀಜದಿಂದ ತೆಗೆದದ್ದು) ಇದೂ ಒಂದೇ ಅಲ್ಲ. ಅದು ಆಹಾರ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಿಲೋಗೆ ಸಿಬಿಡಿ 75 ಮಿ.ಗ್ರಾಂ ಮೀರುವಂತಿಲ್ಲ, ಚಮಚಕ್ಕೆ ಅರ್ಧ ಮಿ.ಗ್ರಾಂ ಕೂಡ ಬರದು. ತದ್ವಿರುದ್ಧವಾಗಿ, ಹೊಟ್ಟೆ ಕೆಟ್ಟಾಗ ಕೊಡುವ ಜಾತೀಫಲಾದಿ ಚೂರ್ಣ, ಗಂಡಸರ ‘ಶಕ್ತಿ’ಗೆಂದು ಮಾರುವ ಮದನಾನಂದ ಮೋದಕ ಇವುಗಳ ಶಾಸ್ತ್ರೋಕ್ತ ಪಾಠದಲ್ಲೇ ಭಂಗಿ ಇದೆ. ಸಿಬಿಡಿ ಬಿಟ್ಟು ಚೂರ್ಣ ಮುಂದುವರಿಸಿದರೆ ಬಿಟ್ಟಂತಾಗಲಿಲ್ಲ.

ನಿಲ್ಲಿಸುವುದಾದರೆ ಯಾವಾಗ? ಸಿಬಿಡಿ ಕೊಬ್ಬಿನಲ್ಲಿ ಕರಗುವಂಥದ್ದು. ಔಷಧ ದರ್ಜೆಯ ಸಿಬಿಡಿಯನ್ನು ದಿನವೂ ತೆಗೆದುಕೊಂಡವರ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 56ರಿಂದ 61 ಗಂಟೆ ಬೇಕು. ಹೀಗೆ ಐದು ಸಲ ಅರ್ಧವಾಗುವ ಹೊತ್ತಿಗೆ ಹನ್ನೆರಡು ಹದಿಮೂರು ದಿನ. ಹೆಂಡತಿಗೆ ಪ್ರಯತ್ನ ಶುರುವಾಗುವ ಮುಂಚಿನ ಒಂದು ಪೂರ್ತಿ ಋತುಚಕ್ರ ಬಿಟ್ಟುಕೊಳ್ಳುವುದು ಕ್ಷೇಮ. ಗಂಡನಿಗೆ ಮೂರು ತಿಂಗಳು, ಒಂದು ವೀರ್ಯಾಣು ತಯಾರಾಗಿ ಹೊರಬರಲು ಹೆಚ್ಚುಕಮ್ಮಿ ಅಷ್ಟು ಬೇಕು. ಮೂರ್ಛೆರೋಗಕ್ಕೆಂದು ನರರೋಗ ತಜ್ಞರೇ ಬರೆದುಕೊಟ್ಟ ಸಿಬಿಡಿ ಮಾತ್ರ ಬೇರೆ ಮಾತು. ಅದನ್ನು ತಾನಾಗಿ ನಿಲ್ಲಿಸಬಾರದು, ಫಿಟ್ಸ್ ಮರುಕಳಿಸಿದರೆ ಅಪಾಯ ಇನ್ನೂ ದೊಡ್ಡದು.

ನಿಲ್ಲಿಸುವ ತನಕವೂ ಮಾತ್ರೆಗಳ ಜತೆ ಜಗಳ ಇದ್ದೇ ಇದೆ. ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ. ಆತಂಕಕ್ಕೆ ಎಸಿಟಾಲೊಪ್ರಾಮ್ ನುಂಗುತ್ತಿದ್ದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ನಿದ್ದೆಗೆಂದು ತೊಟ್ಟು ಹಾಕಿಕೊಂಡವರು ಹಗಲೂ ತೂಕಡಿಸುತ್ತಾರೆ. ಎಣ್ಣೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ದಿನಕ್ಕೂ ತುಪ್ಪದೂಟದ ಮೇಲೆ ತೆಗೆದುಕೊಂಡ ದಿನಕ್ಕೂ ಹೀರಿಕೆ ನಾಲ್ಕೈದು ಪಟ್ಟು ವ್ಯತ್ಯಾಸವಾಗುವುದರಿಂದ ‘ನಿನ್ನೆ ಏನೂ ಆಗಿರಲಿಲ್ಲ’ ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ಮುಟ್ಟಿನ ನೋವಿಗೆ ಬದಲಿ ಬೇಕಾದವರಿಗೆ ಒಂದು ಮಾತು. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಗುಂಪಿನ ಮಾತ್ರೆಗಳು ಅಂಡ ಬಿಡುಗಡೆಯ ದಿನಗಳಲ್ಲಿ ಅಂಡವಿರುವ ಕೋಶ ಒಡೆಯುವುದನ್ನೇ ತಡೆಯಬಲ್ಲವು. ಸ್ರಾವದ ದಿನ ದಾಟಿದ ಮೇಲೆ ಅವನ್ನು ಮುಂದುವರಿಸಬೇಡಿ, ಪ್ಯಾರಾಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ.

ಗಲ್ಫಿಗೆ, ಸಿಂಗಪುರಕ್ಕೆ ಹೋಗುವವರು ಉಳಿದ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಳ್ಳಬಾರದು. ಯುಎಇಯಲ್ಲೂ ಸಿಂಗಪುರದಲ್ಲೂ ಅದು ಅಪರಾಧ, ಇಲ್ಲಿನ ವೈದ್ಯರ ಚೀಟಿ ಅಲ್ಲಿ ಕಾಯುವುದಿಲ್ಲ.

ಐವಿಎಫ್ ಕೇಂದ್ರದಲ್ಲಿ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ‘ಈಗ ತೆಗೆದುಕೊಳ್ಳುತ್ತಿರುವ ಔಷಧ’ ಎಂಬ ಕಾಲಂ ಇದ್ದರೆ ಜನ ಅಲ್ಲಿ ಸಿಬಿಡಿ ಬರೆಯುವುದಿಲ್ಲ, ಅತ್ತೆಯೋ ಅಮ್ಮನೋ ಪಕ್ಕದಲ್ಲಿ ಕೂತಿರುತ್ತಾರಲ್ಲ. ನರ್ಸನ್ನು ಪಕ್ಕಕ್ಕೆ ಕರೆದಾದರೂ ಹೇಳಿ. ಅಂಡ ಹೊರತೆಗೆಯುವಾಗ ಮಂಪರು ಕೊಡುವ ವೈದ್ಯರು ಪ್ರಮಾಣ ಲೆಕ್ಕ ಹಾಕುವುದು ಇಂಥ ಮಾಹಿತಿ ಇಟ್ಟುಕೊಂಡೇ. ಬಾಟಲಿಯ ಹೆಸರು, ದಿನಕ್ಕೆ ಎಷ್ಟು ಮಿ.ಗ್ರಾಂ, ಕೊನೆಯ ಸಲ ತೆಗೆದುಕೊಂಡ ತಾರೀಖು ಇಷ್ಟು ಹೇಳಿದರೆ ಸಾಕು.