ಕೆಳಮುಖ ಎಂಜಿನ್ನಿಗೆ ಒಂದು ಸೆಲ್: ಗ್ಲೋ ಡ್ರೈವರ್ ಜೊತೆ ಮೂರು ವರ್ಷ

ರೇಡಿಯೋ ಸಂಕೇತದಿಂದ ಹಾರಿಸುವ ನನ್ನ ಎಚ್‌ಟಿ-2 ಮಾದರಿ ವಿಮಾನದೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಗ್ಲೋ ಡ್ರೈವರ್ ಒಂದು ಮೂರು ವರ್ಷದಿಂದ ಕೆಲಸ ಮಾಡುತ್ತಿದೆ. ಎಂಜಿನ್ನಿನೊಳಗೆ ಇಂಧನ ಹತ್ತಿಸುವ ಗ್ಲೋ ಪ್ಲಗ್ಗಿನ ಸುರುಳಿಗೆ ವಿದ್ಯುತ್ ಕೊಟ್ಟು ಕಾಯಿಸುವುದು ಅದರ ಕೆಲಸ. ಮೇಲೆ ತಯಾರಕರ ಹೆಸರಿಲ್ಲ. ಒಂದು ಗುಂಡಿ, ಒಂದು ಕೆಂಪು ದೀಪ, ಅಷ್ಟೇ. ಡ್ರೈವರ್ ಬಗ್ಗೆ ನನಗೆ ದೂರಿಲ್ಲ. ಅದಕ್ಕೆ ವಿದ್ಯುತ್ ಎಲ್ಲಿಂದ ಕೊಡಬೇಕು ಎನ್ನುವುದರಲ್ಲಿ ಮಾತ್ರ ಮೊದಲ ವರ್ಷ ನಾನು ದಡ್ಡತನ ಮಾಡಿದೆ.

ಬೆಂಗಳೂರಿನ ಎಚ್‌ಎಎಲ್ ಕಟ್ಟಿ 1951ರಲ್ಲಿ ಮೊದಲ ಬಾರಿ ಹಾರಿಸಿದ ತರಬೇತಿ ವಿಮಾನ ಎಚ್‌ಟಿ-2ರಲ್ಲಿ ಸಿರಸ್ ಮೇಜರ್ ಎಂಜಿನ್ನಿನ ಸಿಲಿಂಡರುಗಳು ಕೆಳಮುಖವಾಗಿದ್ದವು. ಮೂಗಿನ ಆಕಾರ ಕೆಡಬಾರದೆಂದು ನಾನೂ ಓ.ಎಸ್. ಕಂಪನಿಯ ಎಫ್‌ಎಸ್-70 ಫೋರ್ ಸ್ಟ್ರೋಕ್ ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದೆ. ನೋಡಲು ಚೆಂದ, ಹಾರಿಸಲು ತಲೆನೋವು. ಎಂಜಿನ್ ಓಡತೊಡಗಿದ ಮೇಲೆ ಪ್ಲಗ್ಗಿನ ಪ್ಲಾಟಿನಂ ಸುರುಳಿ ಮೆಥನಾಲ್ ಜೊತೆಗಿನ ಕ್ರಿಯೆಯಿಂದಲೂ ದಹನದ ಬಿಸಿಯಿಂದಲೂ ತಾನೇ ಕೆಂಪಗಿರುತ್ತದೆ. ಥ್ರಾಟಲ್ ಇಳಿಸಿದಾಗ, ಅಂದರೆ ಎಂಜಿನ್ನಿನ ವೇಗ ತಗ್ಗಿಸಿದಾಗ, ಆ ಬಿಸಿ ಸಾಲದು. ಹರಳೆಣ್ಣೆ ಬೆರೆತ ಇಂಧನ ಬೇರೆ ಕೆಳಗಿರುವ ಪ್ಲಗ್ಗಿನ ಮೇಲೆಯೇ ಇಳಿಯುತ್ತದೆ. ಇಳಿಯಲು ಬರುವಾಗ, ಕೆರೆಯಂಗಳದ ಜಾಲಿಗಿಡಗಳ ಮೇಲೆಯೇ ಎಂಜಿನ್ ನಿಂತುಬಿಡುತ್ತಿತ್ತು. ಡ್ರೈವರ್ ಥ್ರಾಟಲ್ ಸಂಕೇತವನ್ನು ನೋಡುತ್ತಿದ್ದು, ಅದು ಕಾಲುಭಾಗಕ್ಕಿಂತ ಕೆಳಗಿಳಿದಾಗ ಮಾತ್ರ ಪ್ಲಗ್ಗಿಗೆ ವಿದ್ಯುತ್ ಹರಿಸುತ್ತದೆ.

ಈ ಡ್ರೈವರಿಗೆ, ವಿಮಾನದೊಳಗೆ ರೇಡಿಯೋ ಸಂಕೇತ ಹಿಡಿಯುವ ರಿಸೀವರಿನ ಬ್ಯಾಟರಿಯನ್ನೂ ಜೋಡಿಸಬಹುದು, ಪ್ರತ್ಯೇಕ ಸೆಲ್ಲನ್ನೂ ಜೋಡಿಸಬಹುದು. ತೂಕ ಉಳಿಯಲಿ ಎಂದು ನಾನು ಮೊದಲನೆಯದನ್ನು ಆರಿಸಿಕೊಂಡೆ. ನಮ್ಮ ಜೊತೆ ಹಾರಿಸುವ ಹಿರಿಯರೊಬ್ಬರು ತಂತಿಗಳನ್ನು ನೋಡಿ, "ಹಾಲಿಗೂ ಮಜ್ಜಿಗೆಗೂ ಒಂದೇ ಪಾತ್ರೆಯೇ, ರಾಯರೇ?" ಎಂದರು. ನಕ್ಕು ಸುಮ್ಮನಾದೆ.

ಪ್ಲಗ್ಗಿಗೆ ಬೇಕಾದದ್ದು ಸುಮಾರು 1.2ರಿಂದ 1.5 ವೋಲ್ಟ್, ಮೂರು ಆಂಪಿಯರಿನ ಆಸುಪಾಸು. ರಿಸೀವರ್ ಬ್ಯಾಟರಿ 4.8 ವೋಲ್ಟಿನದು. ಅದನ್ನು ಪ್ಲಗ್ಗಿಗೆ ಒಗ್ಗಿಸಲು ಇಂಥ ಸರಳ ಡ್ರೈವರ್ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಕೊಡುತ್ತದೆ. ಸರಾಸರಿ ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ಪ್ಲಗ್ಗಿನ ರೋಧ ಅರ್ಧ ಓಮ್ ಆಜುಬಾಜು ಇರುವುದರಿಂದ ಒಂದೊಂದು ತುಣುಕಿನಲ್ಲೂ ಹಲವು ಆಂಪಿಯರ್ ಎಳೆದುಕೊಳ್ಳುತ್ತದೆ. ಸಣ್ಣ ಎಎ ಸೆಲ್ಲುಗಳ ವೋಲ್ಟೇಜ್ ಆಗ ಕುಸಿಯುತ್ತದೆ. ಅದೂ ಯಾವಾಗ? ಥ್ರಾಟಲ್ ಇಳಿಸಿ, ವಿಮಾನವನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೊಗಳೆಲ್ಲ ಅದೇ ಬ್ಯಾಟರಿಯಿಂದ ಒಟ್ಟಿಗೆ ದುಡಿಯುವ ಲ್ಯಾಂಡಿಂಗ್ ಹೊತ್ತಿನಲ್ಲೇ. ಒಂದು ಭಾನುವಾರ ವಿಮಾನ ನೆಲದಿಂದ ಎರಡಾಳೆತ್ತರದಲ್ಲಿದ್ದಾಗ ಅರೆಕ್ಷಣ ನನ್ನ ಮಾತು ಕೇಳಲಿಲ್ಲ. ಚಕ್ರದ ಕಾಲೊಂದು ಬಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹತ್ತಿರ ಹೋಗಿ ಮುಚ್ಚಳ ತೆಗೆದರೆ ರಿಸೀವರಿನ ದೀಪ ಮಿಣುಕುತ್ತಿತ್ತು: ಹಾರಾಟದ ನಡುವೆ ವಿದ್ಯುತ್ ತಪ್ಪಿ ಅದು ಮತ್ತೆ ಎದ್ದಿದೆ ಎಂಬುದರ ಗುರುತು. ಆ ಹಿರಿಯರು ಅಂದು ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಮರುವಾರವೇ 3000 ಎಂಎಎಚ್‌ನ ಒಂದು ಸಬ್-ಸಿ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲನ್ನು ಡ್ರೈವರಿಗೆಂದೇ ಪ್ರತ್ಯೇಕವಾಗಿ ಹಾಕಿದೆ. ಮೂಗಿನಲ್ಲಿ ತೂಕಕ್ಕೆಂದು ಅಂಟಿಸಿದ್ದ ಸೀಸವನ್ನು ಕಿತ್ತು ಅಲ್ಲೇ ಕೂರಿಸಿದ್ದರಿಂದ, ಯಾವ ತೂಕಕ್ಕೆ ಅಷ್ಟು ಜಿಪುಣತನ ಮಾಡಿದ್ದೆನೋ ಅದು ಹೆಚ್ಚಾಗಲೇ ಇಲ್ಲ. ಒಂದು ಹಾರಾಟದಲ್ಲಿ ಪ್ಲಗ್ ಉರಿಯುವುದು ಹೆಚ್ಚೆಂದರೆ ಮೂರು ನಿಮಿಷ, ಅಂದರೆ ಸುಮಾರು 150 ಎಂಎಎಚ್. ಆರು ಹಾರಾಟಕ್ಕೊಮ್ಮೆ ಚಾರ್ಜ್ ಮಾಡುತ್ತೇನೆ. ಆಮೇಲೆ ರಿಸೀವರ್ ಒಮ್ಮೆಯೂ ಮಿಣುಕಿಲ್ಲ.

ಸೆಲ್ ಒಂದೇ ಆದಾಗ ತಂತಿಯ ವಿಷಯದಲ್ಲಿ ಉದಾಸೀನ ಸಲ್ಲದು. ಪೆಟ್ಟಿಗೆಯೊಡನೆ ಬಂದ ತೆಳು ತಂತಿಯಲ್ಲಿ ಸೆಲ್ ಬಳಿ 1.24 ವೋಲ್ಟ್ ಇದ್ದದ್ದು ಪ್ಲಗ್ಗಿನ ಬಳಿ 0.95 ತೋರಿಸಿತು, ಸುರುಳಿ ಮಂಕಾಗಿ ಕಿತ್ತಳೆ ಬಣ್ಣಕ್ಕೂ ಬರಲಿಲ್ಲ. ದಪ್ಪ ಸಿಲಿಕೋನ್ ತಂತಿ ಹಾಕಿ, ಹಿಂತಿರುಗುವ ತಂತಿಯನ್ನು ಎಂಜಿನ್ನಿನ ಹಿಂಬದಿ ಮುಚ್ಚಳದ ತಿರುಪಿಗೇ ಬಿಗಿದ ಮೇಲೆ 1.12ಕ್ಕೆ ಏರಿತು. ಪ್ಲಗ್ಗಿಗೆ ಕಚ್ಚುವ ಕ್ಲಿಪ್ಪಿನ ಬೆಸುಗೆ ನಡುಕಕ್ಕೆ ಎರಡು ಬಾರಿ ಬಿಟ್ಟಿದೆ. ಅದೊಂದೇ ಇದರ ನಿಜವಾದ ದೋಷ. ಆಗೆಲ್ಲ ಕೆಂಪು ದೀಪ ಉರಿಯದೆ ಎಚ್ಚರಿಸಿತು, ಅಷ್ಟು ನಿಯತ್ತು ಇದೆ. ಮನೆಯಲ್ಲಿದೆಯೆಂದು ಲಿಥಿಯಂ ಅಯಾನ್ ಸೆಲ್ಲನ್ನು ನೇರವಾಗಿ ಹಾಕಲು ಹೋಗಬೇಡಿ. ನಮ್ಮ ಹುಡುಗನೊಬ್ಬ ಹಾಕಿದ, ಹೊಸ ಪ್ಲಗ್ ಕಣ್ಣುಮಿಟುಕಿಸುವಷ್ಟರಲ್ಲಿ ಸುಟ್ಟಿತು.

ಇನ್ನೊಂದು ಎಚ್ಚರಿಕೆ. ಥ್ರಾಟಲ್ ಕೆಳಗಿದ್ದು ರಿಸೀವರ್ ಚಾಲೂ ಇದ್ದರೆ ಪ್ಲಗ್ ಉರಿಯುತ್ತಲೇ ಇರುತ್ತದೆ. ಪ್ರೊಪೆಲರನ್ನು ಸುಮ್ಮನೆ ಮುಟ್ಟಿ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳಬಹುದು. ಹಾಗಾಗಿ ಸೆಲ್ಲಿಗೂ ಡ್ರೈವರಿಗೂ ನಡುವೆ ಒಂದು ಸ್ವಿಚ್ ಹಾಕಿ, ಹಿಂಬದಿಯಿಂದ ಕೈಗೆ ಸಿಗುವಂತೆ ರೆಕ್ಕೆಯ ಹಿಂದೆ ಕೂರಿಸಿದ್ದೇನೆ. ಎಂಜಿನ್ ಹತ್ತಿಸಲು ಕೂರುವ ಕ್ಷಣದವರೆಗೂ ಅದು ಆರಿಯೇ ಇರುತ್ತದೆ.