ಉಬ್ಬಿ ಅರಳುವ ಸೌರಗೋಳ: ಪವರ್‌ಸ್ಫಿಯರ್ ವಿನ್ಯಾಸದ ವಿಮರ್ಶೆ

ಹತ್ತು ಸೆಂಟಿಮೀಟರ್ ಘನಾಕಾರದ ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದ ಒಂದು ಮುಖಕ್ಕೆ ನೇರವಾಗಿ ಬೀಳುವ ಬಿಸಿಲಿನ ಶಕ್ತಿ ಸುಮಾರು 13.6 ವ್ಯಾಟ್. ಶೇ 30ರಷ್ಟು ದಕ್ಷತೆಯ ದುಬಾರಿ ಸೌರಕೋಶಗಳನ್ನು ಆ ಮುಖದ ತುಂಬ ಹಾಸಿದರೂ ಕೈಗೆ ಸಿಗುವುದು 4 ವ್ಯಾಟ್ ಮಾತ್ರ. ಅಮೆರಿಕದ ಏರೋಸ್ಪೇಸ್ ಕಾರ್ಪೊರೇಷನ್, ಐಎಲ್‌ಸಿ ಡೋವರ್ ಮತ್ತು ನಾಸಾದ ಗ್ಲೆನ್ ಕೇಂದ್ರ ಮೊದಲಾದವು ಸೇರಿ ರೂಪಿಸಿದ ಪವರ್‌ಸ್ಫಿಯರ್, ಪುಟ್ಟ ಉಪಗ್ರಹಗಳ ಈ ಬಡತನವನ್ನು ನೀಗಿಸಲು ಹೊರಟ ವಿನ್ಯಾಸ. ಉಪಗ್ರಹದ ಎರಡೂ ಬದಿಯಲ್ಲಿ ಮಡಚಿಟ್ಟ ಅರ್ಧಗೋಳಗಳು ಅನಿಲದ ಒತ್ತಡದಿಂದ ಅರಳಿ, ಐದು ಮತ್ತು ಆರು ಮೂಲೆಗಳ ತುಂಡುಗಳನ್ನು ಹೊಲಿದ ಫುಟ್‌ಬಾಲಿನಂತಹ ಗೋಳವಾಗುತ್ತವೆ.

ಸೂರ್ಯ ಯಾವ ದಿಕ್ಕಿನಲ್ಲಿದ್ದರೂ ಈ ಗೋಳಕ್ಕೆ ಬಿಸಿಲು ಸಿಗುತ್ತದೆ. ಫಲಕವನ್ನು ತಿರುಗಿಸುವ ಮೋಟಾರು ಬೇಕಿಲ್ಲ. ಆದರೆ ಈ ಅನುಕೂಲ ಪುಕ್ಕಟೆಯಲ್ಲ. ಗೋಳದ ಮೈ ಅದರ ನೆರಳಿನ ನಾಲ್ಕರಷ್ಟಿರುವುದರಿಂದ, 60 ಸೆಂಟಿಮೀಟರ್ ವ್ಯಾಸದ ಗೋಳಕ್ಕೆ 1.13 ಚದರ ಮೀಟರ್ ಕೋಶ ಹಾಸಿ, ಸೂರ್ಯನತ್ತ ಮುಖ ಮಾಡಿದ 0.28 ಚದರ ಮೀಟರ್ ಫಲಕದಷ್ಟೇ ಬಿಸಿಲು ಪಡೆಯಬೇಕಾಗುತ್ತದೆ. ಒಂದೊಂದು ತುಂಡಿಗೂ ಬಿಸಿಲು ಬೇರೆ ಬೇರೆ ಕೋನದಲ್ಲಿ ಬೀಳುವುದರಿಂದ ವಿದ್ಯುತ್ ನಿಯಂತ್ರಣದ ಕೆಲಸವೂ ಹೆಚ್ಚುತ್ತದೆ. ತೆಳುಪದರದ ಅಗ್ಗದ ಕೋಶಗಳಾದರೆ ಈ ಲೆಕ್ಕ ಸರಿಹೋಗಬಹುದು. ದಿಕ್ಕು ಹಿಡಿದು ನಿಲ್ಲಬಲ್ಲ ಉಪಗ್ರಹಕ್ಕೆ ಮಾತ್ರ ನಾನು ಇದನ್ನು ಆರಿಸಲಾರೆ.

ಉಬ್ಬಿಸುವುದಕ್ಕಿಂತ ಉಬ್ಬಿದ್ದನ್ನು ಹಾಗೆಯೇ ಉಳಿಸಿಕೊಳ್ಳುವುದು ಕಷ್ಟ. (ಉಬ್ಬಿಸುವುದೂ ಸುಲಭವೇನಲ್ಲ: 1996ರಲ್ಲಿ ಎಂಡೆವರ್ ನೌಕೆಯಿಂದ ಬಿಟ್ಟ 14 ಮೀಟರ್ ಅಗಲದ ಉಬ್ಬುವ ಆಂಟೆನಾ ನಿರೀಕ್ಷಿಸಿದ ಕ್ರಮದಲ್ಲಿ ಅರಳಲಿಲ್ಲ.) ಸೂಕ್ಷ್ಮ ಉಲ್ಕಾಕಣಗಳು ಒಂದಲ್ಲ ಒಂದು ದಿನ ತೂತು ಮಾಡುವುದರಿಂದ, ಅನಿಲ ಸೋರಿದ ಮೇಲೂ ಚೌಕಟ್ಟು ತಾನೇ ಗಟ್ಟಿಯಾಗಿ ನಿಂತಿರಬೇಕು. ಪವರ್‌ಸ್ಫಿಯರ್ ಇದಕ್ಕಾಗಿ ನೇರಳಾತೀತ ಕಿರಣ ತಾಗಿದಾಗ ಗಟ್ಟಿಯಾಗುವ ರಾಳವನ್ನು ನೆಚ್ಚಿಕೊಂಡಿದೆ. ಜಾಣತನವೇ ಸರಿ, ಆದರೆ ನೆರಳಿನ ಬದಿಯ ರಾಳಕ್ಕೂ ಕಿರಣ ತಲುಪಬೇಕು, ಉಡಾವಣೆ ತಡವಾದರೆ ಪೆಟ್ಟಿಗೆಯೊಳಗಿನ ರಾಳವೂ ಕೆಡದೆ ಕಾಯಬೇಕು.

2017ರ ಜೂನ್ 23ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ38 ಒಯ್ದ ಬ್ರಿಟನ್ನಿನ ಇನ್‌ಫ್ಲೇಟ್‌ಸೇಲ್ ಬೇರೆ ದಾರಿ ಹಿಡಿದಿತ್ತು. ಅದು ವಿದ್ಯುತ್ತಿಗಾಗಿ ಅಲ್ಲ, ಕಕ್ಷೆಯಿಂದ ಬೇಗ ಕೆಳಗಿಳಿಯುವುದಕ್ಕಾಗಿ 10 ಚದರ ಮೀಟರಿನ ಹಾಯಿ ಬಿಚ್ಚಿದ ಉಪಗ್ರಹ. ಅದರ ಒಂದು ಮೀಟರ್ ಉದ್ದದ ಕೊಳವೆ ಅಲ್ಯೂಮಿನಿಯಂ ಮತ್ತು ಪಾಲಿಮರ್ ಸೇರಿಸಿದ ಹಾಳೆಯದು. ಅನಿಲದ ಒತ್ತಡ ಆ ಹಾಳೆಯ ಸುಕ್ಕುಗಳನ್ನು ಎಳೆದು ಬಿಡಿಸಿದ ಮೇಲೆ, ಅನಿಲವನ್ನು ಹೊರಬಿಟ್ಟರೂ ಕೊಳವೆ ಬಿಗಿಯಾಗಿಯೇ ಉಳಿಯುತ್ತದೆ. ಪವರ್‌ಸ್ಫಿಯರನ್ನು ಯಾರಾದರೂ ಮತ್ತೆ ಕೈಗೆತ್ತಿಕೊಂಡರೆ, ರಾಳದ ಜಾಗದಲ್ಲಿ ಮೊದಲು ಈ ಹಾಳೆಯನ್ನು ಪರೀಕ್ಷಿಸಲಿ.